ಇಬ್ಬರ ಬಾಯಲ್ಲಿ ಒಂದೇ ತಪ್ಪು

ಹೊಸದಾಗಿ ಉಪನ್ಯಾಸಕರಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ. "ಮುನಿರಾಜು ಸರ್, ಮಕ್ಕಳಿಗೆ ಓದಿದ್ದು ತಲೇಲಿ ನಿಲ್ಲಲ್ಲ, ಏನ್ ಮಾಡೋದು?" ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಕೇಳಿದವರ ಮುಖ ನೋಡುತ್ತೇನೆ. ಇವರಿಗೆ ನಿಜವಾಗಿ ಬೇಕಾಗಿದೆಯೋ, ಇಲ್ಲಾ ನನ್ನ ಬಾಯಿಂದ ಏನೋ ಹೇಳಿಸಿ ಮೊಬೈಲಿನಲ್ಲಿ ಹಾಕಿಕೊಳ್ಳಲು ಬಂದಿದ್ದಾರೋ ಎಂದು. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ತರಕಾರಿಯವನು ಪ್ರೀತಿಯಿಂದ ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೂ ನಾನು ಚೀಲದ ತಳ ತಡಕಿ ನೋಡುತ್ತೇನಂತೆ. ಇರಬಹುದು. ಸೋಲದೇವನಹಳ್ಳಿಯ ಕಡೆ ಒಂದು ಸಣ್ಣ ಖಾಸಗಿ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ, ಪರೀಕ್ಷೆ ಬಂದಾಗಲೆಲ್ಲ ಕೊಠಡಿ ಕಾಯುತ್ತಾ ತಲೆ ಹಣ್ಣಾದವನು ನಾನು. ಪಾಠ ಮಾಡುವಾಗ ಮಕ್ಕಳನ್ನು ನಂಬಬೇಕು, ಪರೀಕ್ಷೆಯಲ್ಲಿ ಅದೇ ಮಕ್ಕಳನ್ನು ಅನುಮಾನಿಸಬೇಕು. ಎರಡರಲ್ಲಿ ಎರಡನೆಯದು ನನಗೆ ಬೇಗ ಕೈ ಹತ್ತಿತು.

ಹಾಗಾಗಿ ನಾನು ಹೇಳುವುದನ್ನೂ ಸ್ವಲ್ಪ ಅನುಮಾನದಿಂದಲೇ ಓದಿ.

ಮೊದಲು, 'ಗೊತ್ತು' ಎನ್ನುವ ಮಾತನ್ನು ನಂಬಬೇಡಿ. ಮಗು ಪುಸ್ತಕ ತೆರೆದುಕೊಂಡು ಓದುತ್ತದೆ, ಸಾಲುಗಳೆಲ್ಲ ಪರಿಚಯದ ಮುಖಗಳಂತೆ ಕಾಣುತ್ತವೆ, "ಇದೆಲ್ಲಾ ಗೊತ್ತು ಸರ್" ಎನ್ನುತ್ತದೆ. ಪುಸ್ತಕ ಮುಚ್ಚಿಸಿ, "ಹೇಳು ನೋಡೋಣ" ಎನ್ನಿ. ಬಾಯಿ ಕಟ್ಟಿಹೋಗುತ್ತದೆ. ಬಣ್ಣದ ಪೆನ್ನುಗಳು ಬಂದ ಮೇಲಂತೂ ಈ ಭ್ರಮೆ ಇನ್ನೂ ಹೆಚ್ಚಾಯಿತು. ಒಬ್ಬ ಹುಡುಗಿ ಇಡೀ ಅಧ್ಯಾಯಕ್ಕೆ ಹಳದಿ ಬಳಿದುಕೊಂಡು ಬಂದಿದ್ದಳು. "ಇದರಲ್ಲಿ ಮುಖ್ಯವಾದ್ದು ಯಾವುದಮ್ಮ?" ಎಂದರೆ "ಎಲ್ಲಾನೂ ಸರ್" ಎಂದಳು. ಪುಸ್ತಕ ಹಳದಿಯಾಯಿತು, ತಲೆ ಬೆಳ್ಳಗೇ ಉಳಿಯಿತು.

ನೆನಪಿನ ಶಕ್ತಿ ಮಾರುವವರನ್ನಂತೂ ಬಾಗಿಲಲ್ಲೇ ನಿಲ್ಲಿಸಿ. ಒಂದು ವರ್ಷ ಯಲಹಂಕದ ಕಡೆಯಿಂದ ಕೋಟು ಹಾಕಿಕೊಂಡ ಒಬ್ಬ ತರಬೇತುದಾರ ಬಂದಿದ್ದ. ಮಕ್ಕಳು ಬಾಯಿಗೆ ಬಂದ ವಸ್ತುಗಳ ಹೆಸರು ಕೂಗಿದರು. ಬಕೆಟ್, ಬಾಳೆಹಣ್ಣು, ಚಪ್ಪಲಿ. ಅವನು ಎಲ್ಲವನ್ನೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಒಪ್ಪಿಸಿದ. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ವಾರ ತರಬೇತಿಗೆ ಹೆಸರು ಬರೆದುಕೊಳ್ಳಲು ಮತ್ತೆ ಬಂದ. ನಾನು ಕಾರಿಡಾರಿನಲ್ಲಿ ಹಿಡಿದು, "ಹೋದ ವಾರದ್ದು ಇನ್ನೊಂದ್ಸಲ ಹೇಳಿ ಸ್ವಾಮಿ" ಎಂದೆ. ನಕ್ಕುಬಿಟ್ಟ. "ಅದು ಅವತ್ತಿಂದು ಸರ್, ಅವತ್ತಿಗೇ ಮುಗೀತು." "ನಮ್ಮ ಮಕ್ಕಳ ಪರೀಕ್ಷೆ ಅವತ್ತೇ ಬರಲ್ವಲ್ಲ" ಎಂದೆ. ಪಾಪ, ಅವನ ವಿದ್ಯೆ ಸುಳ್ಳಲ್ಲ. ಮತ್ತೆ ಮತ್ತೆ ಹೋಗಿ ನೋಡಿಕೊಂಡು ಬರದಿದ್ದರೆ ಯಾವ ವಿದ್ಯೆಯೂ ನಿಲ್ಲುವುದಿಲ್ಲ, ಅಷ್ಟೇ. ಇವತ್ತು ಕಲಿತದ್ದನ್ನು ನಾಳೆ ಒಮ್ಮೆ, ವಾರ ಬಿಟ್ಟು ಒಮ್ಮೆ, ಇನ್ನೇನು ಮರೆತೇಹೋಯಿತು ಅನ್ನುವಾಗ ಒಮ್ಮೆ ಪುಸ್ತಕ ಮುಚ್ಚಿಕೊಂಡು ತೆಗೆಯಬೇಕು. ಇದನ್ನು ಹೇಳಲು ಕೋಟು ಬೇಕಿಲ್ಲ.

ಅನುಮಾನದಲ್ಲಿ ಎಡವಿದ್ದೂ ಉಂಟು. ಒಮ್ಮೆ ಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿ ಪದೇ ಪದೇ ಎಡಗೈ ನೋಡಿಕೊಳ್ಳುತ್ತಿದ್ದ. ಅಂಗೈಯಲ್ಲಿ ಬರೆದುಕೊಂಡಿದ್ದಾನೆ ಎಂದು ಹೋಗಿ ಕೈ ಹಿಡಿದೆ. ಕೈಯಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಬೆರಳಿನ ಗೆಣ್ಣಿಗೆ ಒಂದೊಂದು ಅಂಶ ಕಟ್ಟಿ ಕಲಿತಿದ್ದನಂತೆ. ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತಾ ಹೋದರೆ ಉತ್ತರ ಬರುತ್ತಿತ್ತು. ನಾನು ಕೈ ಹಿಡಿದ ಗಾಬರಿಗೆ ಯಾವ ಗೆಣ್ಣಿನಲ್ಲಿದ್ದೆ ಎಂಬುದೇ ಅವನಿಗೆ ಮರೆತುಹೋಯಿತು. "ಸಾರ್, ಮೊದಲಿಂದ ಬರ್ಬೇಕು ಈಗ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಉರು ಹೊಡೆದವನು ಮಧ್ಯದಿಂದ ಶುರು ಮಾಡಲಾರ.

ಆ ಕಾಲಕ್ಕೆ ನಮ್ಮಲ್ಲಿಗೆ ರಾಜ್ಯಶಾಸ್ತ್ರಕ್ಕೆ ವತ್ಸಲಾ ಎಂಬ ಹುಡುಗಿ ಹೊಸದಾಗಿ ಬಂದಳು. ಚುರುಕು ಎಂದರೆ ಚುರುಕು. ಕೊಠಡಿ ಕಾಯುವ ಕೆಲಸವನ್ನು ಅವಳಿಗೆ ನಾನೇ ಹೇಳಿಕೊಟ್ಟೆ. ಮುಂದೆ ನಿಲ್ಲಬೇಡ, ಹಿಂದೆ ನಿಲ್ಲು. ಹಿಂದೆ ನಿಂತವರನ್ನು ತಿರುಗಿ ನೋಡುವವನೇ ನಿನ್ನ ಗಿರಾಕಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ. ಅವಳು ಎಲ್ಲವನ್ನೂ ಕಲಿತಳು. ನನಗಿಂತ ಚೆನ್ನಾಗಿ ಕಲಿತಳು. ವರ್ಷಗಳು ಹೋಗಿ ಅವಳು ಪ್ರಿನ್ಸಿಪಾಲ್ ಆದಳು, ನಾನು ಇತಿಹಾಸದ ಮೇಷ್ಟ್ರಾಗಿಯೇ ಉಳಿದೆ, 'ವತ್ಸಲಾ' ಹೋಗಿ ನನ್ನ ಬಾಯಲ್ಲೂ 'ಮೇಡಂ' ಆಯಿತು. ಅದರ ಬಗ್ಗೆ ಹೇಳಲು ಏನೂ ಇಲ್ಲ.

ನಾನು ಹೇಳಬೇಕೆಂದಿರುವುದು ನನ್ನ ಸೇವೆಯ ಕೊನೆಯ ವರ್ಷದ ಒಂದು ಮಧ್ಯಾಹ್ನದ ಕತೆ.

ಅದರ ಹಿಂದಿನ ವರ್ಷ ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಇಬ್ಬರು ಹುಡುಗರನ್ನು ಸ್ಕ್ವಾಡ್‌ನವರು ಚೀಟಿ ಸಮೇತ ಹಿಡಿದಿದ್ದರು. ಕಾಲೇಜಿನ ಮರ್ಯಾದೆ ಬೀದಿಗೆ ಬಂತು. ಆಡಳಿತ ಮಂಡಳಿಯವರು ಮೇಡಂಗೆ ಬಾಯಿಗೆ ಬಂದಂತೆ ಅಂದರು. ಮೇಡಂ ಆಗಲೇ ಒಂದು ನಿಯಮ ಮಾಡಿದರು. ಪ್ರಿಪರೇಟರಿ ಪರೀಕ್ಷೆಯಲ್ಲಿ ನಕಲು ಮಾಡಿದ್ದು ಗೊತ್ತಾದರೆ ಹಾಲ್ ಟಿಕೆಟ್ ಕೊಡುವುದಿಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಪಬ್ಲಿಕ್ ಪರೀಕ್ಷೆ ಇಲ್ಲ, ವರ್ಷ ಹಾಳು.

ಪ್ರಿಪರೇಟರಿಯ ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದೆ. ದೊಡ್ಡ ಪ್ರಶ್ನೆಗಳಲ್ಲಿ ಆಯ್ಕೆ ಇತ್ತು. ಸಿಂಧೂ ನಾಗರಿಕತೆಯ ನಗರ ಯೋಜನೆ, ಇಲ್ಲವೇ ಅದರ ಬದಲು ಇನ್ನೊಂದು. ಆ ಇನ್ನೊಂದು, ಪಾಸಾಗಲು ಇಷ್ಟು ಓದಿದರೆ ಸಾಕೆಂದು ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲಿ ಇದ್ದದ್ದರಿಂದ ತರಗತಿಯವರೆಲ್ಲ ಅದನ್ನೇ ಬರೆದಿದ್ದರು. ನಗರ ಯೋಜನೆಯನ್ನು ಬರೆದವರು ಇಬ್ಬರೇ. ರೇಹಾನಾ ಮತ್ತು ಚೇತನ್. ಇಬ್ಬರದೂ ಒಂದೇ ಉತ್ತರ. ಒಂದೇ ಅಂದರೆ ಪದಕ್ಕೆ ಪದ. ಅದಾದರೂ ಇರಲಿ ಎನ್ನಬಹುದಿತ್ತು, ಇಬ್ಬರೂ ಒಂದೇ ತಪ್ಪು ಮಾಡಿದ್ದರು. ಮಹಾ ಸ್ನಾನಗೃಹ ಇದ್ದದ್ದು ಮೊಹೆಂಜೋದಾರೋದಲ್ಲಿ, ಹಡಗುಕಟ್ಟೆ ಲೋಥಾಲ್‌ನಲ್ಲಿ. ಇವರು ಅದಲುಬದಲು ಮಾಡಿ ಸ್ನಾನಗೃಹವನ್ನು ಲೋಥಾಲಿಗೂ ಹಡಗುಕಟ್ಟೆಯನ್ನು ಮೊಹೆಂಜೋದಾರೋಗೂ ಕೊಟ್ಟಿದ್ದರು. ಸರಿ ಉತ್ತರ ಇಬ್ಬರಿಗೂ ಒಂದೇ ಇರಬಹುದು, ಪುಸ್ತಕ ಒಂದೇ ಅಲ್ಲವೇ. ತಪ್ಪು ಒಂದೇ ಇದ್ದರೆ ಒಬ್ಬರದನ್ನು ಇನ್ನೊಬ್ಬರು ನೋಡಿದ್ದಾರೆ. ಇದು ನಮ್ಮ ಕಸುಬಿನ ಮೊದಲ ಪಾಠ. ಪರೀಕ್ಷೆಯಲ್ಲಿ ಇಬ್ಬರೂ ಕೂತದ್ದೂ ಹಿಂದೆ ಮುಂದೆ. ನಾನು ಎರಡೂ ಪತ್ರಿಕೆ ತೆಗೆದುಕೊಂಡು ಹೋಗಿ ಮೇಡಂ ಮುಂದಿಟ್ಟೆ.

ಇಬ್ಬರ ಬಗ್ಗೆಯೂ ಎರಡು ಮಾತು ಹೇಳಬೇಕು. ರೇಹಾನಾಳ ಮನೆ ಗೊರಗುಂಟೆಪಾಳ್ಯದ ಹತ್ತಿರ. ತಂದೆಗೆ ಸೋಫಾ ರಿಪೇರಿಯ ಅಂಗಡಿ. ಮನೆಯಲ್ಲಿ ದಖ್ಖನಿ ಮಾತು, ಕಾಲೇಜಿನಲ್ಲಿ ಕನ್ನಡ ಮಾಧ್ಯಮ. ಅಮ್ಮನ ಆಪರೇಷನ್ ಆದಾಗ ಮನೆ ನೋಡಿಕೊಳ್ಳಲು ನಿಂತು ಆಗಲೇ ಒಂದು ವರ್ಷ ಕಳೆದುಕೊಂಡಿದ್ದಳು. ಮತ್ತೆ ಸೇರಿಸುವಾಗ ಅವಳ ತಂದೆ ನನ್ನ ಮುಂದೆಯೇ, "ಈ ಸಲ ಒಂದೇ ಸರ್. ಇದು ಹೋದ್ರೆ ಇನ್ನು ನನ್ ಕೈಲಿ ಆಗಲ್ಲ" ಎಂದಿದ್ದರು. ಗಟ್ಟಿ ಮನುಷ್ಯ, ಹೇಳಿದರೆ ಹೇಳಿದಂತೆ. ಚೇತನ್ ಅಬ್ಬಿಗೆರೆಯವನು. ಹಿಂದೆ ಹೊಲವಿದ್ದ ಕಡೆ ಈಗ ಅವರ ಮನೆಯವರ ಬಾಡಿಗೆ ಕಟ್ಟಡಗಳಿವೆ. ಹುಡುಗ ಒಳ್ಳೆಯವನು, ಓದು ಮಾತ್ರ ಹತ್ತದು. ಪುಸ್ತಕ ಹಿಡಿದರೆ ಅಕ್ಷರಗಳ ಜೊತೆ ಕುಸ್ತಿ ಆಡುವವನಂತೆ ಮುಖ ಕಿವುಚುತ್ತಿದ್ದ. ಅಂಥವನು ಇಷ್ಟುದ್ದ ಬರೆದಿದ್ದಾನೆ ಎಂದರೆ ಯಾರಿಗಾದರೂ ಸಂಶಯ ಬರಬೇಕು.

ಮೇಡಂಗೆ ಸಂಶಯ ಬಂದದ್ದು ರೇಹಾನಾಳ ಮೇಲೆ.

"ಮನೇಲಿ ಒಂದಕ್ಷರ ಕನ್ನಡ ಆಡಲ್ಲ. 'ಲಂಬವಾಗಿ ಛೇದಿಸುತ್ತಿದ್ದವು' ಅಂತ ಇವಳು ಬರೀತಾಳಾ ಸರ್? ಚೀಟಿ ತಂದಿದಾಳೆ. ಹುಡುಗ ಹಿಂದಿಂದ ನೋಡ್ಕೊಂಡ."

"ಚೀಟಿ ಸಿಕ್ಕಿಲ್ಲವಲ್ಲ ಮೇಡಂ."

"ನೀವೇ ಹೇಳ್ಕೊಟ್ಟಿದ್ದಲ್ವಾ ಸರ್? ಜಾಣರ ಚೀಟಿ ಸಿಗಲ್ಲ ಅಂತ."

ಹೌದು, ನಾನೇ ಹೇಳಿಕೊಟ್ಟದ್ದು.

ಊಟದ ಬೆಲ್ ಆದ ಮೇಲೆ ಇಬ್ಬರನ್ನೂ ಪ್ರಿನ್ಸಿಪಾಲ್ ಕೋಣೆಗೆ ಕರೆಸಿದರು. ಮೇಡಂ ಎರಡೂ ಪತ್ರಿಕೆ ಮೇಜಿನ ಮೇಲೆ ಬಿಡಿಸಿಟ್ಟು, "ಯಾರು ಯಾರದನ್ನ ನೋಡಿದ್ರಿ?" ಎಂದರು. ರೇಹಾನಾ ತಲೆ ತಗ್ಗಿಸಿದಳು. ಚೇತನ್ ಒಮ್ಮೆ ಪತ್ರಿಕೆ ನೋಡಿದ, ಒಮ್ಮೆ ಗೋಡೆ ನೋಡಿದ, ಮತ್ತೆ ಗಂಟಲು ಸರಿಮಾಡಿಕೊಂಡ.

"ನಾನೇ ಕಾಪಿ ಒಡ್ದೆ ಮೇಡಂ. ಅವ್ರದೇನೂ ತಪ್ಪಿಲ್ಲ. ನನ್ ಹಾಲ್ ಟಿಕೆಟ್ ಮಡಿಕ್ಕಳಿ."

"ನಕ್ಕೋ ಚೇತನ್!" ಎಂದಳು ರೇಹಾನಾ.

ಬೇಡ ಎಂದು ಹೇಳಿದ್ದಷ್ಟೇ. ಬಾಯಿಗೆ ಬಂದ ಮನೆಮಾತು. ಆದರೆ ಕೋಣೆಯ ಗಾಳಿಯೇ ಬದಲಾಯಿತು. ಮೇಡಂ ಪೆನ್ನು ಕೆಳಗಿಟ್ಟರು.

"ಓಹೋ. ಹೆಸರು ಹಿಡಿದು ಕರೆಯೋಷ್ಟು ಪರಿಚಯಾನಾ? ಹಂಗಾದ್ರೆ ಇದು ಕಾಪಿ ವಿಷ್ಯ ಅಲ್ಲ ಸರ್. ಇಬ್ಬರ ಮನೆಯವರನ್ನೂ ಈಗ್ಲೇ ಕರೆಸ್ತೀನಿ."

ನಕಲಿನ ಆರೋಪಕ್ಕೆ ತಲೆ ತಗ್ಗಿಸಿದ್ದ ರೇಹಾನಾ ಈಗ ತಲೆ ಎತ್ತಿ ನನ್ನನ್ನು ನೋಡಿದಳು. ಬಾಣಲೆಯಿಂದ ಬೆಂಕಿಗೆ ಬಿದ್ದಿದ್ದಳು ಹುಡುಗಿ. ಈ ಕಾಲದಲ್ಲಿ ಅವಳ ಹೆಸರು, ಅವನ ಹೆಸರು ಒಟ್ಟಿಗೆ ಬಂದರೆ ಸಾಕು. ಹಿಂದೆ ಮುಂದೆ ಯಾರೂ ಕೇಳುವುದಿಲ್ಲ. ಮೇಡಂ ಕೆಟ್ಟವರಲ್ಲ. ಅವರೂ ಹೆದರಿದ್ದರು. "ನಾಳೆ ಯಾರಾದ್ರೂ ಒಂದ್ ವಿಡಿಯೋ ಮಾಡಿ ಹಾಕಿದ್ರೆ ಕಾಲೇಜ್ ಬಾಗಿಲು ಮುಚ್ಬೇಕಾಗುತ್ತೆ ಸರ್, ನಿಮಗ್ ಗೊತ್ತಲ್ಲ" ಎಂದರು.

ನಾನು ಸಮಯ ಸಿಗಲೆಂದು, "ಮೊದಲು ಕಾಪಿ ಹೌದೋ ಅಲ್ಲವೋ ನೋಡೋಣ ಮೇಡಂ" ಎಂದೆ. ಜೊತೆಗೆ, ಕೇಳಿದ ತಕ್ಷಣ ತಪ್ಪು ಒಪ್ಪಿಕೊಳ್ಳುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನಿಜವಾಗಿ ಕದ್ದವನು ಕೊನೆಯವರೆಗೂ ವಾದ ಮಾಡುತ್ತಾನೆ.

ಮೇಡಂ ರೇಹಾನಾಳನ್ನು ಕೇಳಿದರು. "ಚರಂಡಿ ಬಗ್ಗೆ ಏನ್ ಬರ್ದಿದೀಯ, ಹೇಳು."

ಅವಳ ತುಟಿ ಅಲ್ಲಾಡಿತು, ಮಾತು ಬರಲಿಲ್ಲ.

"ನೋಡಿದ್ರಾ ಸರ್? ತಾನು ಬರೆದಿದ್ದು ತನಗೇ ಗೊತ್ತಿಲ್ಲ."

"ಮಧ್ಯದಿಂದ ಕೇಳ್ಬೇಡಿ ಮೇಡಂ," ಎಂದೆ. ಆಮೇಲೆ ಹುಡುಗಿಯ ಕಡೆ ತಿರುಗಿ ಮೊದಲ ಸಾಲನ್ನು ನಾನೇ ಎತ್ತಿಕೊಟ್ಟೆ. "ಸಿಂಧೂ ಬಯಲಿನ ನಾಗರಿಕತೆಯ ಹೆಗ್ಗಳಿಕೆ..."

"...ಅದರ ನಗರ ಯೋಜನೆ," ಎಂದಳು. ಅಷ್ಟೇ. ನಲ್ಲಿ ತಿರುವಿದಂತೆ ಬಂತು. ಕಣ್ಣು ಅರೆಮುಚ್ಚಿ, ಮೈ ಮೆಲ್ಲಗೆ ಹಿಂದೆ ಮುಂದೆ ತೂಗುತ್ತಾ, ಬೀದಿಗಳು ಒಂದನ್ನೊಂದು ಲಂಬವಾಗಿ ಛೇದಿಸಿದವು, ಸುಟ್ಟ ಇಟ್ಟಿಗೆಯ ಮನೆಗಳು ಎದ್ದವು, ಚರಂಡಿಗಳಿಗೆ ಮುಚ್ಚಳ ಬಿತ್ತು, ಲೋಥಾಲ್‌ನಲ್ಲಿ ಮಹಾ ಸ್ನಾನಗೃಹ ಬಂತು. ಪತ್ರಿಕೆಯಲ್ಲಿ ಇದ್ದದ್ದು ಇದ್ದ ಹಾಗೆ. ಮೇಡಂ ಬೆರಳಿಟ್ಟುಕೊಂಡು ಹಿಂಬಾಲಿಸುತ್ತಿದ್ದರು. ಬೆರಳು ಎಲ್ಲೂ ನಿಲ್ಲಲಿಲ್ಲ.

"ಇದನ್ನ ಎಲ್ಲಿ ಕಲಿತೆ ಹಿಂಗೆ?"

"ನನ್ ಭಾಯಿ ಹಾಫಿಜ್ ಮೇಡಂ. ಕುರಾನ್ ಪೂರ್ತಿ ಬಾಯಲ್ಲಿದೆ ಅವನಿಗೆ. ಚಿಕ್ಕವಳಿದ್ದಾಗಿಂದ ಅವನು ಹೇಳೋನು, ನಾನು ಪುಸ್ತಕ ಹಿಡ್ಕೊಂಡು ಕೇಳೋಳು. ದಿನಾ ಹೊಸದೊಂದು ಪಾಠ, ಮೊನ್ನೆ ಮೊನ್ನೆದು ಒಂದಿಷ್ಟು, ಹಳೇದು ಒಂದಿಷ್ಟು. ಒಂದಿನಾನೂ ತಪ್ಪಂಗಿಲ್ಲ. ನಾನೂ ಹಿಸ್ಟ್ರಿನ ಹಂಗೇ ಓದ್ತೀನಿ."

"ನಿನಗೆ ಪುಸ್ತಕ ಹಿಡ್ಕೊಂಡು ಕೇಳೋರು ಯಾರು? ಮನೇಲಿ ಕನ್ನಡ ಓದೋರು ಇದಾರಾ?"

ಅವಳು ಮತ್ತೆ ತಲೆ ತಗ್ಗಿಸಿದಳು.

ನಾನು ಚೇತನ್‌ಗೂ ಅದೇ ಮೊದಲ ಸಾಲು ಕೊಟ್ಟೆ. ಪುಸ್ತಕ ನೋಡಿ ಓದಲೂ ತಡವರಿಸುವ ಆ ಹುಡುಗ ಒಂದೂ ತಪ್ಪದೆ ಒಪ್ಪಿಸಿದ. ಅವಳು ಉಸಿರು ತೆಗೆದುಕೊಂಡ ಜಾಗದಲ್ಲೇ ಇವನೂ ಉಸಿರು ತೆಗೆದುಕೊಂಡ. ಅವಳು 'ಚರಂಡಿಗಳಿಗೆ' ಎನ್ನುವಾಗ ದನಿ ಏರಿಸಿದಂತೆ ಇವನೂ ಏರಿಸಿದ.

ಆಗ ನನಗೆ ಹೊಳೆಯಿತು. ಸಂಜೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಕಾಲೇಜಿನ ಮುಂದಿನ ಬಸ್ ಸ್ಟಾಪಿನಲ್ಲಿ ಈ ಹುಡುಗಿ ಬಾಯಿ ಅಲ್ಲಾಡಿಸುತ್ತಾ ಕೂತಿರುವುದನ್ನು ಎಷ್ಟೋ ಸಲ ಕಂಡಿದ್ದೆ. ದುಪಟ್ಟಾದೊಳಗೆ ಇಯರ್‌ಫೋನ್ ಇಟ್ಟುಕೊಂಡು ಯಾರೊಂದಿಗೋ ಮಾತಾಡುತ್ತಿದ್ದಾಳೆ ಎಂದು ಸ್ಕೂಟರ್ ನಿಧಾನ ಮಾಡಿ ನೋಡಿದ್ದೆ ಕೂಡ. ಆಚೆ ಬೆಂಚಿನಲ್ಲಿ, ಅವಳಿಗೆ ಬೆನ್ನು ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಒಬ್ಬ ಹುಡುಗ ಕೂತಿರುತ್ತಿದ್ದ. ಅವಳಿಗೆ ಕೇಳುವವರು ಬೇಕಿತ್ತು. ಇವನಿಗೆ ಓದಿ ಹೇಳುವವರು ಬೇಕಿತ್ತು. ನಗರ ಯೋಜನೆಯ ದಿನ ಪುಸ್ತಕ ಇರಲಿಲ್ಲವೇನೋ, ಅವಳು ಒಮ್ಮೆ ತಪ್ಪಿ ಹೇಳಿದಳು, ತಿದ್ದುವವರಿಲ್ಲದೆ ಅದು ಇಬ್ಬರ ಬಾಯಲ್ಲೂ ಕೂತುಬಿಟ್ಟಿತು. ಬಾಯಿಪಾಠದ ಅಪಾಯ ಅದೇ. ಸರಿಯಾದದ್ದಕ್ಕಿಂತ ತಪ್ಪು ಗಟ್ಟಿಯಾಗಿ ಕೂರುತ್ತದೆ.

ಇದು ಸತ್ಯ. ಇದನ್ನು ಹೇಳಿದರೆ ನಕಲಿನ ಮಾತು ತೀರಿಹೋಗುತ್ತಿತ್ತು. ಆದರೆ 'ದಿನಾ ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೂ' ಎಂಬ ಮಾತು ಈ ಕೋಣೆಯಿಂದ ಹೊರಗೆ ಹೋದರೆ ಏನಾಗುತ್ತದೆ? ನನ್ನಂಥ ಸಂಶಯದ ಪ್ರಾಣಿಯೇ ಸ್ಕೂಟರ್ ನಿಧಾನ ಮಾಡಿ ಇಣುಕಿ ನೋಡಿದ್ದೆ. ಊರು ಬಿಡುತ್ತದೆಯೇ? ಅವಳ ತಂದೆ ಬಿಡುತ್ತಾರೆಯೇ? ಅವನ ಮನೆಯವರು?

"ಕಾಪಿ ಅಲ್ಲ, ಒಪ್ಪಿದೆ," ಎಂದರು ಮೇಡಂ. "ಹಾಗಾದ್ರೆ ಒಟ್ಟಿಗೆ ಕೂತು ಕಲಿತಿದಾರೆ. ಎಲ್ಲಿ? ಯಾವಾಗಿಂದ? ಒಂದೇ ತಪ್ಪು ಇಬ್ಬರ ಬಾಯಲ್ಲೂ ಹೆಂಗೆ ಬಂತು?"

"ನನ್ನಿಂದ," ಎಂದೆ.

ಮೂವರೂ ನನ್ನನ್ನು ನೋಡಿದರು.

"ನಾನೇ ಕ್ಲಾಸಲ್ಲಿ ಬಾಯಿಪಾಠ ಮಾಡಿಸಿದೆ ಮೇಡಂ. ನಾನು ಹೇಳೋದು, ಅವರು ಹಿಂದೆ ಹೇಳೋದು. ವಯಸ್ಸಾಯ್ತು ನೋಡಿ, ಲೋಥಾಲು ಮೊಹೆಂಜೋದಾರೋ ಅದಲುಬದಲಾಯ್ತು. ಈ ಪ್ರಶ್ನೆ ಬರೆದವರು ಇವರಿಬ್ಬರೇ, ಹಾಗಾಗಿ ಇವರದು ಮಾತ್ರ ಸಿಕ್ಕಿಬಿತ್ತು."

"ನೀವು? ಬಾಯಿಪಾಠ?" ಮೇಡಂ ಹುಬ್ಬು ಮೇಲೇರಿತು. ಏರದೆ ಇರುತ್ತದೆಯೇ? ಗಿಳಿಪಾಠ ಹೇಳಿಕೊಡುವವರನ್ನು ಸ್ಟಾಫ್ ರೂಮಿನಲ್ಲಿ ಜೀವಮಾನವಿಡೀ ಹಂಗಿಸಿದವನು ನಾನು. ಸುಳ್ಳು ಹೇಳುವವರನ್ನು ಹಿಡಿಯುವುದರಲ್ಲಿ ಪಳಗಿದ್ದೆನೇ ಹೊರತು ಹೇಳುವುದರಲ್ಲಿ ಅಭ್ಯಾಸ ಇರಲಿಲ್ಲ.

ಮೇಡಂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನಾನು ಕಲಿಸಿದ ನೋಟವೇ ಅದು.

"ಆಯ್ತು ಸರ್. ಕ್ಲಾಸಿಗೆ ಹೇಳ್ಕೊಟ್ಟಿದ್ರೆ ಎಲ್ಲರ ಬಾಯಲ್ಲೂ ಇರ್ಬೇಕಲ್ಲ. ನಾನೇ ಹೋಗಿ ಕೇಳ್ತೀನಿ." ಮಕ್ಕಳ ಕಡೆ ತಿರುಗಿ, "ನೀವಿಬ್ರೂ ಕ್ಲಾಸಿಗೆ ನಡೀರಿ. ಯಾರ ಹತ್ರಾನೂ ಒಂದ್ ಮಾತಾಡಂಗಿಲ್ಲ" ಎಂದರು.

ಮಕ್ಕಳಿಬ್ಬರೂ ಹೋದರು. ಮೇಡಂ ಏಳುವಷ್ಟರಲ್ಲಿ ಆಡಳಿತ ಮಂಡಳಿಯಿಂದ ಫೋನ್ ಬಂತು, ಮಾತು ಬೆಳೆಯಿತು. ನಾನು ಕುರ್ಚಿಯಲ್ಲಿ ಬೆವರುತ್ತಾ ಕೂತೆ. ನನ್ನ ಹುಡುಗರಿಗೆ ಸ್ನಾನಗೃಹ ಎಲ್ಲಿತ್ತು ಎಂಬುದು ಚೆನ್ನಾಗಿ ಗೊತ್ತಿತ್ತು. ಅಷ್ಟು ಕೆಟ್ಟದಾಗಿ ಪಾಠ ಮಾಡಿರಲಿಲ್ಲ ನಾನು. ಮೊದಲ ಬೆಂಚಿನಲ್ಲಿ ಕೂರುವ ಪಲ್ಲವಿ ಎಂಬವಳೊಬ್ಬಳು ಅರ್ಧ ಅಂಕಕ್ಕೆ ಅರ್ಧ ಗಂಟೆ ವಾದ ಮಾಡುವವಳು. ಅವಳ ಬಾಯಿಂದ ತಪ್ಪು ಉತ್ತರ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳೊಬ್ಬಳು ಎದ್ದು 'ಮೊಹೆಂಜೋದಾರೋ' ಎಂದರೆ ಮುಗಿಯಿತು. ನನ್ನ ಸುಳ್ಳು ಬಯಲಾಗುತ್ತದೆ, ಮೇಷ್ಟ್ರು ಸುಳ್ಳು ಹೇಳಿ ಮುಚ್ಚಿಡಬೇಕಾದಂಥದ್ದು ಏನಿತ್ತು ಎಂಬ ಅನುಮಾನ ಇನ್ನೂ ದೊಡ್ಡದಾಗುತ್ತದೆ. ಸುಮ್ಮನಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ತರಗತಿಗೆ ಹೋದೆವು. ಎಲ್ಲರೂ ಎದ್ದು ನಿಂತರು, ಕೂತರು. ರಿವಿಜನ್ ಅವಧಿ, ಆದರೂ ಎಂದಿಲ್ಲದ ನಿಶ್ಶಬ್ದ. ಆ ನಿಶ್ಶಬ್ದದ ಮೇಲೇ ನನಗೆ ಸಂಶಯ ಬಂತು. ರೇಹಾನಾ ಹುಡುಗಿಯರ ಸಾಲಿನಲ್ಲಿ ಕಿಟಕಿಯ ಪಕ್ಕ, ಚೇತನ್ ಹುಡುಗರ ಕೊನೆಯ ಬೆಂಚಿನಲ್ಲಿ. ಇಬ್ಬರೂ ಡೆಸ್ಕು ನೋಡುತ್ತ ಕೂತಿದ್ದರು.

ಮೇಡಂ ಹಿಂದಿನ ಸಾಲಿನ ಮಂಜುನಾಥನನ್ನು ಎಬ್ಬಿಸಿದರು. ಅವನಿಗೆ ತನ್ನ ರೋಲ್ ನಂಬರೇ ನೆನಪಿರುವುದಿಲ್ಲ.

"ಮಹಾ ಸ್ನಾನಗೃಹ ಎಲ್ಲಿತ್ತೋ?"

"ಲೋಥಾಲ್ ಮೇಡಂ," ಎಂದ, ಹಿಂದೆ ಮುಂದೆ ನೋಡದೆ.

ಅವನದು ಲೆಕ್ಕಕ್ಕಿಲ್ಲ ಎಂದುಕೊಂಡರೋ ಏನೋ, ಮೇಡಂ ನೇರವಾಗಿ ಮೊದಲ ಬೆಂಚಿಗೆ ಬಂದರು. "ಪಲ್ಲವಿ, ನೀನ್ ಹೇಳಮ್ಮ."

ಪಲ್ಲವಿ ಎದ್ದಳು. ಅವಳ ಮುಂದೆ ಪಠ್ಯಪುಸ್ತಕ ಮುಚ್ಚಿತ್ತು. ಅವಳು ನನ್ನನ್ನು ನೋಡಲಿಲ್ಲ, ಮೇಡಂ ಅವರನ್ನೂ ನೋಡಲಿಲ್ಲ, ಫ್ಯಾನ್ ನೋಡಿದಳು. ಹಲ್ಲು ಕಚ್ಚಿಕೊಂಡು ಕಹಿ ಮಾತ್ರೆ ನುಂಗುವವಳಂತೆ ಹೇಳಿದಳು.

"ಲೋಥಾಲ್."

"ಶೂರಾ?"

"ಮುನಿರಾಜು ಸರ್ ಹೇಳ್ಕೊಟ್ಟಿದ್ದು ಮೇಡಂ. ಎಲ್ಲರೂ ಹಿಂದೆ ಹೇಳಿದ್ವಿ."

"ಹಡಗುಕಟ್ಟೆ?" ಎಂದು ಮೇಡಂ ಇಡೀ ತರಗತಿಯನ್ನು ಕೇಳಿದರು.

"ಮೊಹೆಂಜೋದಾರೋ!" ಎಂದಿತು ಇಡೀ ತರಗತಿ. ಕಿಟಕಿಯ ಗಾಜು ಅದುರುವಂತೆ.

ನನ್ನ ಸೇವೆಯಲ್ಲಿ ಅಷ್ಟು ಮಂದಿ ಒಟ್ಟಿಗೆ ತಪ್ಪು ಉತ್ತರ ಹೇಳಿದ್ದನ್ನು ಕೇಳಿ ನಾನು ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ. ಮೇಡಂ ಫೋನಿನಲ್ಲಿ ಇದ್ದ ಹೊತ್ತಿಗೆ ಆ ಇಬ್ಬರೂ ಸುಮ್ಮನೆ ಕೂತಿರಲಿಲ್ಲ. ಕೆಮ್ಮು ಬಂದವನಂತೆ ಕರಿಹಲಗೆಯ ಕಡೆ ತಿರುಗಿಕೊಂಡೆ.

ಮೇಡಂ ಬಾಗಿಲ ತನಕ ಹೋಗಿ ನಿಂತರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಂಬಿರಲಿಕ್ಕಿಲ್ಲ ಎಂದೇ ನನ್ನ ಅನುಮಾನ. "ಹಾಲ್ ಟಿಕೆಟ್ ಆಫೀಸಲ್ಲಿ ಇರುತ್ತೆ, ಎಲ್ಲರೂ ಬಂದು ತಗೊಳ್ಳಿ. ಎಲ್ಲರೂ" ಎಂದರು. ಆಮೇಲೆ ನನಗೆ, "ತಪ್ಪು ಹೇಳ್ಕೊಟ್ಟಿದ್ದಕ್ಕೆ ನಿಮಗೊಂದು ಮೆಮೊ ಬರುತ್ತೆ ಸರ್. ಬೇಜಾರ್ ಮಾಡ್ಕೋಬೇಡಿ" ಎಂದು ಹೊರಟುಹೋದರು. ಮೆಮೊ ಬಂತು. ಸಹಿ ಮಾಡಿ ತೆಗೆದುಕೊಂಡೆ.

ಮೇಡಂ ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ಪಲ್ಲವಿ ಕೈ ಎತ್ತಿದಳು. "ಸರ್, ಪಬ್ಲಿಕ್ ಎಕ್ಸಾಮಲ್ಲಿ ಎಲ್ಲಿ ಅಂತ ಬರೀಬೇಕು?"

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ರೇಹಾನಾ ನಗಲಿಲ್ಲ. ಅವಳು ಭಯದಲ್ಲಿದ್ದಳು, ಯಾಕೆಂದು ನನಗೆ ತಿಳಿಯಿತು. ಹಾಲ್ ಟಿಕೆಟ್ ಸಿಕ್ಕಿತು, ಆದರೆ ಆ ತಪ್ಪು ಇನ್ನೂ ಅವಳ ಬಾಯಲ್ಲೇ ಇತ್ತು. ಸರಿ ಯಾವುದು ಎಂದು ತಿಳಿದರೆ ಸಾಲದು. ಪರೀಕ್ಷೆಯ ಗಡಿಬಿಡಿಯಲ್ಲಿ ಬಾಯಿ ತನ್ನ ಹಳೆಯ ದಾರಿಯಲ್ಲೇ ಓಡುತ್ತದೆ.

"ಎದ್ದೇಳಮ್ಮ," ಎಂದೆ. "ಮೊದಲಿಂದ ಹೇಳು. ಆ ಜಾಗಕ್ಕೆ ಬಂದಾಗ ಸರಿ ಮಾಡ್ಕೊಂಡು ದಾಟಬೇಕು. ದಾಟೋವರೆಗೂ ಹೇಳು."

ಅವಳು ಎದ್ದು ನಿಂತು ದುಪಟ್ಟಾ ಸರಿಮಾಡಿಕೊಂಡಳು. ಬಸ್ ಸ್ಟಾಪಿನ ಬೆಂಚಿನಲ್ಲಿ ರಸ್ತೆಗೆ ಹೇಳುತ್ತಿದ್ದವಳು ಮೊದಲ ಸಲ ಇಡೀ ತರಗತಿಗೆ ಕೇಳುವಂತೆ ಹೇಳತೊಡಗಿದಳು. ನಾಗರಿಕತೆಯ ಹೆಗ್ಗಳಿಕೆ ಬಂತು, ಬೀದಿಗಳು ಬಂದವು, ಇಟ್ಟಿಗೆ ಬಂತು, ಚರಂಡಿಗಳಿಗೆ ಮುಚ್ಚಳ ಬಂತು. ಅಲ್ಲಿಗೆ ಬಂದು ನಿಂತಳು. ತುಟಿ 'ಲೋ' ಎನ್ನಲು ದುಂಡಗಾಗಿತ್ತು. ಅದನ್ನು ತಡೆದುಕೊಂಡಳು, ಆದರೆ ಇನ್ನೊಂದು ಬರಲಿಲ್ಲ. ಕಣ್ಣು ಮುಚ್ಚಿಕೊಂಡಳು. ನಾನು ಹೇಳಿಕೊಡಬೇಕೆಂದು ಬಾಯಿ ತೆರೆದೆ.

ಹುಡುಗರ ಕೊನೆಯ ಬೆಂಚಿನಿಂದ ದನಿ ಬಂತು. "ಮೊಹೆಂಜೋದಾರೋ."

"ಮೊಹೆಂಜೋದಾರೋದಲ್ಲಿ ಮಹಾ ಸ್ನಾನಗೃಹವಿತ್ತು," ಎಂದು ರೇಹಾನಾ ಮುಂದುವರಿಸಿದಳು.

ತರಗತಿಯಲ್ಲಿ ಒಬ್ಬರೂ ಹಿಂದಕ್ಕೆ ತಿರುಗಿ ನೋಡಲಿಲ್ಲ.